ಒಂಟೆಮೂಗು ದಾಟುವ ಮುಂಚೆ

"ಆಯ್ತು ಅಂದ್ರೆ ಆಯ್ತು! ನಾನು ಹೇಳಿದ್ದಲ್ಲ, ನಿನ್ನ ಬಾಯಿ ಹೇಳಿದ್ದು! ಹತ್ತು ಜನ ಕೇಳಿದಾರೆ!"

"ಆಗಿಲ್ಲ! ಇನ್ನೂ ಆಗಿಲ್ಲ ಕಣೇ! ಅವನು ಒಂಟೆಮೂಗು ಎಲ್ಲಿ ದಾಟಿದಾನೆ?"

"ದಾಟ್ತಾನೆ. ಆ ಕೊಕ್ಕರೆ ಕಾಲಿಗೆ ಮಧ್ಯಾಹ್ನದೊಳಗೆ ದಾಟ್ತಾನೆ. ಆಮೇಲೆ ನಾನು ನಿನ್ನ ಹೆಂಡ್ತಿ ಅಲ್ಲ, ನೀನು ನನ್ನ ಗಂಡ ಅಲ್ಲ. ಮೊದಲು ಆ ಚಪ್ಪಲಿ ಬಿಚ್ಚು, ಅದು ನಂದು!"

ಅತೀಖ್ ಕೆಳಗೆ ನೋಡಿಕೊಂಡ. ಗಡಿಬಿಡಿಯಲ್ಲಿ ಬಲಗಾಲಿಗೆ ತನ್ನದು, ಎಡಗಾಲಿಗೆ ನೋಫಾಳದು ಸಿಕ್ಕಿಸಿಕೊಂಡಿದ್ದ. ಐವತ್ತೆರಡು ವರ್ಷದ ಗಂಡಸು ಸೂರ್ಯ ಹುಟ್ಟುವ ಹೊತ್ತಿಗೆ ಹೆಂಡತಿಯ ಚಪ್ಪಲಿ ಬಿಚ್ಚಿಕೊಟ್ಟು, ಒಂದು ಕಾಲು ಮರಳಿನಲ್ಲಿಟ್ಟು, ನಡುಮುರಿದ ಗುಡಾರದ ಕಂಬದ ಹಾಗೆ ನಿಂತ.

ಇಷ್ಟಕ್ಕೆಲ್ಲ ಕಾರಣ ಒಂದು ಕುರಿ. ಕುರಿಗಿಂತ ಹೆಚ್ಚಾಗಿ ಅತೀಖನ ನಾಲಿಗೆ.

ಹಿಂದಿನ ಸಂಜೆ ಯೋಸ್ಟ್ ಎಂಬ ಹಾಲೆಂಡಿನ ಶಾಲಾ ಮೇಷ್ಟ್ರು ಬೆನ್ನಿಗೆ ಚೀಲ ಹಾಕಿಕೊಂಡು ಒಬ್ಬನೇ ಮರಳಿನಲ್ಲಿ ನಡೆದು ಅವರ ಗುಡಾರಕ್ಕೆ ಬಂದಿದ್ದ. ಒಂಟೆಮೂಗಿನ ತನಕ ನಡೆದು ಆ ಕಡೆ ಇಳಿದು ಹೋಗುತ್ತೇನೆ ಎಂದ. ಒಂಟೆಮೂಗು ಎಂದರೆ ಮರಳಿನ ಆಚೆ ತುದಿಯಲ್ಲಿರುವ ಕೆಂಪು ಮರಳುಗಲ್ಲಿನ ದೊಡ್ಡ ಬಂಡೆ. ಮೂಗಿನ ಹೊಳ್ಳೆಯ ಹಾಗೆ ನಡುವೆ ತೂತು. ಅದರೊಳಗೆ ನುಗ್ಗಿದರೆ ಆಚೆ ಬಯಲು. ಕತ್ತಲಾಗುತ್ತಿದೆ, ಮಲಗಿ ಹೋಗು ಎಂದರೆ ಸಾಕಿತ್ತು. ಅತೀಖ್ ಬಿಡುವ ಜಾತಿಯೇ? ಅಕ್ಕಪಕ್ಕದ ಗುಡಾರದವರೆಲ್ಲ ಸೇರಿದ್ದರು, ಕಾಫಿ ಕುದಿಯುತ್ತಿತ್ತು. ಎದೆ ಉಬ್ಬಿಸಿ ಹೇಳಿಯೇಬಿಟ್ಟ: "ನನ್ನ ಗುಡಾರದಲ್ಲಿ ನನ್ನ ಕುರಿ ತಿನ್ನದೆ ನೀನು ಒಂಟೆಮೂಗು ದಾಟಿದ್ರೆ ನನ್ನ ಹೆಂಡತಿಗೆ ತಲಾಖ್!"

ಅಲ್ಲಿನ ಗಂಡಸರಿಗೆ ಇದು ಆಣೆ. ಅತಿಥಿ ಏಳಲು ನೋಡಿದರೆ, "ಇನ್ನೊಂದು ಲೋಟ ಕುಡಿಯದಿದ್ರೆ ನನ್ನ ಹೆಂಡತಿಗೆ ತಲಾಖ್" ಎನ್ನುತ್ತಾರೆ. ಅತಿಥಿ ಬೆದರಿ ಕೂತು ಕುಡಿಯುತ್ತಾನೆ. ಗಂಡ ಮೀಸೆ ನೀವುತ್ತಾನೆ. ಪಡದೆಯ ಹಿಂದೆ ಹೆಂಡತಿ ಹಲ್ಲು ಕಡಿಯುತ್ತಾಳೆ. ಯಾರ ಮನೆಯೂ ಮುರಿಯುವುದಿಲ್ಲ, ಏಕೆಂದರೆ ಅಲ್ಲಿನ ಅತಿಥಿಗಳಿಗೆ ಆಣೆ ಅರ್ಥವಾಗುತ್ತದೆ. ಯೋಸ್ಟನಿಗೆ ಅರ್ಥವಾಗಿದ್ದು ಕುರಿ ಎಂಬ ಒಂದೇ ಮಾತು. ಅವನು ನಕ್ಕು ತಲೆಯಾಡಿಸಿ ಮಲಗಿದ. ಕುರಿ ಕಡಿದರು, ಮರಳಿನಲ್ಲಿ ಗುಂಡಿ ತೋಡಿ ಕೆಂಡದ ಮೇಲೆ ಹೂತು ಬೇಯಲು ಬಿಟ್ಟರು. ಬೆಳಿಗ್ಗೆ ಅತೀಖ್ ಕಣ್ಣುಜ್ಜಿಕೊಂಡು ಎದ್ದಾಗ ಅತಿಥಿಯ ಹಾಸಿಗೆ ಮಡಿಸಿತ್ತು. ಹೆಜ್ಜೆ ಗುರುತು ನೆಟ್ಟಗೆ ಒಂಟೆಮೂಗಿನ ಕಡೆಗೆ ಹೊರಟಿತ್ತು.

ಜಗಳದ ಸದ್ದಿಗೆ ಮೊದಲು ಓಡಿಬಂದವನು ಪಕ್ಕದ ಗುಡಾರದ ಸಬ್ಬಾಹ್. ಈ ಮುದುಕ ನಲವತ್ತು ವರ್ಷದ ಹಿಂದೆ ಒಬ್ಬ ಖಾಜಿಯ ಬಾಗಿಲು ಕಾಯುತ್ತಿದ್ದ. ಅಂದಿನಿಂದ ನ್ಯಾಯವೆಲ್ಲ ಆ ಬಾಗಿಲ ಸಂದಿಯಿಂದ ಸೋರಿ ತನ್ನ ತಲೆಗೆ ಇಳಿದಿದೆ ಎಂದು ನಂಬಿದ್ದ. ಅವನ ಹಿಂದೆ ಅತೀಖನ ಸೋದರತ್ತೆ ಫಿದ್ದಾ, ಏದುಸಿರು ಬಿಡುತ್ತಾ, ಒಂದು ಮಾತೂ ತಪ್ಪಿಸಿಕೊಳ್ಳಬಾರದೆಂದು ತಲೆವಸ್ತ್ರವನ್ನು ಕಿವಿಯಿಂದ ಹಿಂದಕ್ಕೆ ಸರಿಸಿಕೊಂಡೇ ಬಂದಳು.

"ಪಟ್ಟಣದ ಮೌಲ್ವಿ ಏನಂತಾರೆ ಗೊತ್ತಾ ಚಿಕ್ಕಪ್ಪ?" ಅತೀಖ್ ಆಸೆಯಿಂದ ಕೇಳಿದ. "ಬಾಯಿ ತಪ್ಪಿ ಆಣೆ ಇಟ್ರೆ ಹತ್ತು ಜನ ಬಡವರಿಗೆ ಊಟ ಹಾಕಿದ್ರೆ ಸಾಕಂತೆ."

"ಹತ್ತು ಜನವಾ?" ನೋಫಾ ಸೊಂಟಕ್ಕೆ ಕೈಯಿಟ್ಟಳು. "ಮೂವತ್ತು ವರ್ಷದಲ್ಲಿ ನೀನು ಇಟ್ಟ ಆಣೆಗೆ ಇಡೀ ಜೋರ್ಡನ್‌ ದೇಶನ ಊಟಕ್ಕೆ ಕೂರಿಸ್ಬೇಕು. ಹೊಗೆ ನೋಡಿ ರಾಜನೂ ಬಂದಾನು."

"ಮೌಲ್ವಿ ಮಾತು ಪಟ್ಟಣಕ್ಕೆ," ಎಂದ ಸಬ್ಬಾಹ್. "ನಮ್ಮಲ್ಲಿ ಮಾತು ಅಂದ್ರೆ ಮಾತು. ಏನಂದೆ ಅಂತ ಹೇಳು, ಒಂದಕ್ಷರ ಆಚೀಚೆ ಆಗಬಾರದು."

ಅತೀಖ್ ತಲೆ ಬಗ್ಗಿಸಿ ಆಣೆಯನ್ನು ಒಪ್ಪಿಸಿದ. ಸಬ್ಬಾಹ್ ಕಣ್ಣು ಮುಚ್ಚಿ ಕೇಳಿದ. "ಕುರಿ ಅಂದಿದ್ದೀಯ. ಕೋಳಿ ನಡೆಯಲ್ಲ. ಅವನು ದಾಟೋಕೆ ಮುಂಚೆ ತಿಂದ್ರೆ ಸರಿ, ಒಂದು ತುತ್ತಾದ್ರೂ ಸಾಕು."

"ಅಷ್ಟೇ ತಾನೇ!" ಅತೀಖ್ ಮಾಂಸದ ಪಾತ್ರೆ ಎತ್ತಿಯೇಬಿಟ್ಟ. "ಓಡಿಹೋಗಿ ಬಾಯಿಗೆ ತುರುಕಿ ಬರ್ತೀನಿ."

"ನಿಲ್ಲಯ್ಯಾ ಕತ್ತೆ! ನನ್ನ ಗುಡಾರದಲ್ಲಿ ಅಂದಿದ್ದೀಯಲ್ಲ! ಬಯಲಲ್ಲಿ ತಿಂದ್ರೆ ಲೆಕ್ಕಕ್ಕಿಲ್ಲ."

"ವಾಪಸ್ ಕರ್ಕೊಂಡು ಬಾರೋ ಮಗಾ," ಎಂದಳು ಫಿದ್ದಾ.

"ಅವರು ವಾಪಸ್ ಬರೋ ಜನ ಅಲ್ಲ ಅತ್ತೆ. ದುಡ್ಡು ಕೊಟ್ಟು ನಡೆಯೋಕೆ ಬಂದಿರ್ತಾರೆ."

ಅತೀಖ್ ಮರಳಿನ ಮೇಲೆ ಕುಸಿದು ಕೂತ. ಆಗ ನೋಫಾ ಎತ್ತಲೋ ನೋಡುತ್ತಾ, "ಅವನು ಗುಡಾರಕ್ಕೆ ಬರಲ್ಲ ಅಂದ್ರೆ ಗುಡಾರ ಅವನ ಹತ್ರ ಹೋಗ್ಬಹುದಲ್ಲ," ಎಂದಳು.

ಸಬ್ಬಾಹ್ ತೊಡೆ ತಟ್ಟಿದ. ಅತೀಖನ ಕಣ್ಣು ಒದ್ದೆಯಾಯಿತು. ಎಂಥ ಹೆಂಗಸು! ತಲಾಖ್ ತಲೆಯ ಮೇಲೆ ತೂಗುತ್ತಿರುವಾಗಲೂ ಸಂಸಾರ ಉಳಿಸಲು ದಾರಿ ಹುಡುಕುತ್ತಿದ್ದಾಳೆ! ಇಂಥವಳನ್ನು ತಾನು ಒಂದು ಕುರಿಗೆ ಪಣ ಇಟ್ಟೆನಲ್ಲ ಎಂದು ಅವನಿಗೆ ತನ್ನ ನಾಲಿಗೆಯನ್ನೇ ಕಿತ್ತು ನಾಯಿಗೆ ಹಾಕಬೇಕು ಎನ್ನಿಸಿತು.

ಪಿಕಪ್ ಗಾಡಿಯನ್ನು ಮಗ ಝೈದಾನ್ ಅಕಾಬಾ ಪಟ್ಟಣಕ್ಕೆ ತೆಗೆದುಕೊಂಡು ಹೋಗಿದ್ದ. ಉಳಿದದ್ದು ಫಿದ್ದಾಳ ಮುದಿ ಹೆಣ್ಣೊಂಟೆ. ಗುಡಾರ ಕೀಳಲು ನೋಫಾಳಿಗೆ ಹೇಳಿಕೊಡಬೇಕೇ? ಆಡುಗೂದಲಿನ ಆ ಕಪ್ಪು ಬಟ್ಟೆಯನ್ನು ಎಳೆ ಎಳೆಯಾಗಿ ನೂತು ನೇಯ್ದವಳು ಅವಳು. ಹಗ್ಗ ಬಿಚ್ಚಿ, ಕಂಬ ಉರುಳಿಸಿ, ಬಟ್ಟೆ ಸುತ್ತಿ ಒಂಟೆಯ ಮೇಲೇರಿಸಿದಳು. ಆಮೇಲೆ ಕಾಫಿ ಪಾತ್ರೆ ಬಂತು.

"ಕಾಫಿ ಪಾತ್ರೆ ಯಾಕೆ?" ಎಂದ ಅತೀಖ್.

"ಒಲೆ ಹಚ್ಚದ ಗುಡಾರ ಗುಡಾರನಾ? ಕೇಳು ನಿನ್ನ ಚಿಕ್ಕಪ್ಪನ್ನ."

"ಅಲ್ಲ," ಎಂದ ಸಬ್ಬಾಹ್ ಗಂಭೀರವಾಗಿ. "ನ್ಯಾಯದ ಪ್ರಕಾರ ಅಲ್ಲ."

ಹಿಟ್ಟಿನ ಚೀಲ ಬಂತು. ಅತಿಥಿಗೆ ರೊಟ್ಟಿ ಬೇಡವೇ? ಎರಡು ಆಡು ಬಂದವು. ಹಾಲು ಬೇಡವೇ? ಚಳಿಗಾಲದ ಕಂಬಳಿ ಬಂತು. ಮಗ್ಗದ ಕೋಲುಗಳೂ ಬಂದವು.

"ಮಗ್ಗ ಯಾಕೇ ಮಾರಾಯ್ತಿ?"

"ಗೂಟ ಮುರಿದ್ರೆ ಏನ್ ಮಾಡ್ತೀಯ? ನಿನ್ನ ಕಾಲು ನೆಡ್ತೀಯಾ?"

ಅತೀಖ್ ಬಾಯಿ ಮುಚ್ಚಿದ. ಆ ದಿನ ಬಾಯಿ ತೆರೆಯುವುದಕ್ಕೇ ಅವನಿಗೆ ಹೆದರಿಕೆ.

ಮೆರವಣಿಗೆ ಹೊರಟಿತು. ಮುಂದೆ ನ್ಯಾಯಾಧೀಶನ ಗತ್ತಿನಲ್ಲಿ ಸಬ್ಬಾಹ್, ಒಂಟೆಯ ಹಗ್ಗ ಹಿಡಿದು ಫಿದ್ದಾ, ಆಡುಗಳ ಹಿಂದೆ ನೋಫಾ, ಎಲ್ಲರ ಹಿಂದೆ ಮಾಂಸದ ಪಾತ್ರೆ ಹೊತ್ತ ಅತೀಖ್. ಒಂದು ತಾಸು ನಡೆದ ಮೇಲೆ ಒಂಟೆ ಒಂದು ಪೊದೆಯ ಮುಂದೆ ಕೂತುಬಿಟ್ಟಿತು. ಬೈದರು, ಮುದ್ದು ಮಾಡಿದರು, ಹಾಡು ಹೇಳಿದರು. ಅದು ಮೆಲುಕು ಹಾಕುತ್ತಾ ದೊಡ್ಡ ಮನುಷ್ಯರು ಅರ್ಜಿ ಕೇಳುವ ಹಾಗೆ ಕೇಳಿಸಿಕೊಂಡಿತು.

"ಭಾರ ಜಾಸ್ತಿ ಆಯ್ತು ನನ್ನ ಮಗಳಿಗೆ," ಎಂದಳು ಫಿದ್ದಾ.

ಹಿಟ್ಟಿನ ಚೀಲ ಇಳಿಸಿ ಅತೀಖನ ಬೆನ್ನಿಗೆ ಹಾಕಿದರು. ಒಂಟೆ ಏಳಲಿಲ್ಲ. ಕಂಬಳಿ ಹಾಕಿದರು. ಏಳಲಿಲ್ಲ. ಎರಡು ಕಂಬ ಅವನ ಹೆಗಲಿಗೆ ಏರಿದ ಮೇಲೆ ಒಂಟೆ ಎದ್ದಿತು, ಅತೀಖ್ ಬಗ್ಗಿದ. ಮಾಂಸದ ಪಾತ್ರೆಯನ್ನು ಸಬ್ಬಾಹ್ ದೊಡ್ಡ ಮನಸ್ಸು ಮಾಡಿ ತೆಗೆದುಕೊಂಡ. ಮುಂದಿನ ದಾರಿಯುದ್ದಕ್ಕೂ ಅವನ ದವಡೆ ಆಡುತ್ತಲೇ ಇತ್ತು.

"ಚಿಕ್ಕಪ್ಪಾ, ಅದು ನನ್ನ ಸಂಸಾರ! ತಿನ್ಬೇಡ!"

"ಕೆಟ್ಟಿದ್ಯಾ ಅಂತ ನೋಡ್ತಿದೀನಿ ತಮ್ಮಾ. ಕೆಟ್ಟ ಮಾಂಸದ ಆಣೆ ನಿಲ್ಲಲ್ಲ."

ಬಿಸಿಲೇರಿತು. ದೂರದ ದಿಬ್ಬದ ಮೇಲೆ ಒಂದು ಚುಕ್ಕೆ ಕಾಣಿಸಿತು. ಯೋಸ್ಟ್! ಅತೀಖ್ ಎದೆ ಬಿರಿಯುವ ಹಾಗೆ ಕೂಗಿದ, ಕಂಬ ಎತ್ತಿ ಬೀಸಿದ. ಚುಕ್ಕೆ ತಿರುಗಿ ನಿಂತಿತು. ಒಂಟೆ, ಆಡು, ಮುದುಕ, ಕಂಬಳಿ ಹೊತ್ತ ಗಂಡಸು. ಇದಕ್ಕಿಂತ ಚೆಂದದ ನೋಟ ಅದಕ್ಕೆಲ್ಲಿ ಸಿಗಬೇಕು? ಫೋಟೋ ತೆಗೆಯಿತು, ಎರಡೂ ಕೈ ಎತ್ತಿ ಬೀಸಿತು, ಹುರುಪು ಬಂದು ಇನ್ನೂ ಬಿರುಸಾಗಿ ನಡೆಯಿತು.

"ಅವನ ಮನೆ ಹಾಳಾಗ!" ಎಂದ ಅತೀಖ್.

"ಹಾಳಾಗ್ತಿರೋದು ನಿಂದು," ಎಂದಳು ನೋಫಾ.

ಕಡಿದಾದ ಬಂಡೆಯ ನೆರಳಿನಲ್ಲಿ ನೀರು ಕುಡಿಯಲು ನಿಂತಾಗ ಅತೀಖ್ ಕುಂಟುತ್ತಿದ್ದ. ಬೆಳಿಗ್ಗೆಯ ಗಡಿಬಿಡಿಯಲ್ಲಿ ಎಡಗಾಲಿನ ಚಪ್ಪಲಿ ಅವನಿಗೆ ಸಿಕ್ಕಿರಲೇ ಇಲ್ಲ. ಬರಿಗಾಲಲ್ಲೇ ಬಂದಿದ್ದ, ನಾಚಿಕೆಗೆ ಹೇಳಿರಲಿಲ್ಲ. ನೋಫಾ ನೋಡಿದಳು. ಮಾತಾಡದೆ ಅವನ ಹಿಮ್ಮಡಿಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ನೆಟ್ಟಿದ್ದ ಜಾಲಿಮುಳ್ಳನ್ನು ಹಲ್ಲಿನಿಂದ ಕಚ್ಚಿ ಕಿತ್ತಳು. ತಲೆವಸ್ತ್ರದ ಅಂಚು ಹರಿದು ಕಟ್ಟಿದಳು.

"ಇಲ್ಲೇ ಅಲ್ವಾ," ಎಂದ ಅತೀಖ್ ಮೆಲ್ಲಗೆ, "ಮದುವೆಯಾದ ವರ್ಷ ನಿನ್ನ ತಮ್ಮನ ಮನೆಗೆ ಹೋಗ್ತಾ ಕೂತಿದ್ದು? ನೀನು ಅವತ್ತು ಹಾಡಿದ್ದೆ."

"ನೆನಪಿದ್ಯಾ ನಿನಗೆ?"

"ಹಾಡು ನೆನಪಿಲ್ಲ. ನೀನು ಹಾಡಿದ್ದು ನೆನಪಿದೆ."

ನೋಫಾ ಗಂಟು ಬಿಗಿ ಮಾಡಿದಳು. "ಹೋದ ಚಳಿಗಾಲ ಮೋಡ ನೋಡಿ, 'ಇವತ್ತು ಮಳೆ ಬರದಿದ್ರೆ ನನ್ನ ಹೆಂಡತಿಗೆ ತಲಾಖ್' ಅಂದೆ. ನೆನಪಿದ್ಯಾ?"

"ಬಂತಲ್ಲ ಮಳೆ!"

"ಬಂತು. ನಾಲ್ಕು ಹನಿ. ನೀವೆಲ್ಲ ಕಾಫಿ ಕುಡೀತಾ ಹರಟ್ತಿದ್ರಿ. ನಾನು ಗುಡಾರದ ಹಿಂದೆ ಅಂಗೈ ಚಾಚಿ ನಿಂತಿದ್ದೆ ಅಬೂ ಝೈದಾನ್, ನನ್ನ ಝೈದಾನನ ಅಪ್ಪಾ. ಮಗನ್ನ ಹೆತ್ತು ಬೆಳೆಸಿದವಳು, ನಾಲ್ಕು ಹನಿಗೆ ಕೈ ಚಾಚಿಕೊಂಡು ನಿಂತಿದ್ದೆ."

ಅತೀಖ್ ಎದ್ದ. ಬೇರೆಯವರು ಹೇಳುವ ಮುಂಚೆಯೇ ಮಗ್ಗದ ಕೋಲುಗಳನ್ನೂ ಒಂಟೆಯಿಂದ ಇಳಿಸಿ ತನ್ನ ಹೆಗಲಿಗೆ ಏರಿಸಿಕೊಂಡ. ನೋಫಾ ಕಣ್ಣೊರೆಸಿಕೊಂಡಳು. ಬೆವರೋ ಏನೋ, ಅವನು ಕೇಳಲಿಲ್ಲ.

ಒಂಟೆಮೂಗಿನ ಕೆಳಗೆ ಬಂದಾಗ ಸೂರ್ಯ ನೆತ್ತಿ ದಾಟಿದ್ದ. ಯೋಸ್ಟ್ ಬಂಡೆಯ ತೂತಿನ ಬಾಯಲ್ಲಿ ಬೂಟು ಬಿಚ್ಚಿ ಕೂತಿದ್ದ. ಕಾಲು ಈಚೆಗಿದ್ದವು, ದೇವರ ದಯೆ. ಜನರನ್ನು ಕಂಡು ಖುಷಿಯಾಗಿ ಎದ್ದು, ಆಚೆಯ ನೋಟ ನೋಡಲೆಂದು ಒಂದು ಹೆಜ್ಜೆ ಹಿಂದಕ್ಕಿಟ್ಟ.

"ಹಿಡೀರೋ ಅವನ್ನ!" ಎಂದು ಅರಚಿದ ಅತೀಖ್. ಕಂಬ, ಕಂಬಳಿ, ಹಿಟ್ಟು ಎಲ್ಲ ಎಸೆದು ಇಳಿಜಾರು ಹತ್ತಿ, ಹಾಲೆಂಡಿನ ಮೇಷ್ಟ್ರ ಸೊಂಟವನ್ನು ತಬ್ಬಿ, ಅವನನ್ನೂ ಎಳೆದುಕೊಂಡು ಮರಳಿನಲ್ಲಿ ಜಾರಿಬಿದ್ದ. ಫಿದ್ದಾ ಓಡಿಬಂದು ಯೋಸ್ಟನ ಕಾಲ ಮೇಲೆ ಕೂತಳು. ಒಮ್ಮೆ ಅವಳು ಕೂತರೆ ಏಳುವ ಗಂಡಸು ಆ ಮರಳುಗಾಡಿನಲ್ಲಿ ಹುಟ್ಟಿರಲಿಲ್ಲ.

ನೋಫಾ ಗುಡಾರ ಎಬ್ಬಿಸಿದಳು. ಬಾಗಿಲು ಪೂರ್ವಕ್ಕೆ, ಗೂಟ ಗಟ್ಟಿ, ಚಾಪೆ, ಒಲೆ, ಎಲ್ಲ ಅಚ್ಚುಕಟ್ಟು. ಯೋಸ್ಟನನ್ನು ಒಳಗೆ ಕೂರಿಸಿದರು. ಸಬ್ಬಾಹ್ ಉಳಿಸಿದ್ದ ಮಾಂಸವನ್ನು ತಟ್ಟೆಗೆ ಸುರಿದು ಅತೀಖ್ ಕೈಮುಗಿಯುವುದೊಂದು ಬಾಕಿ.

"ತಿನ್ನಪ್ಪಾ. ಒಂದು ತುತ್ತು. ನಿನ್ನ ಅಮ್ಮನ ಪುಣ್ಯ."

ಯೋಸ್ಟ್ ಹೊಟ್ಟೆ ಸವರಿಕೊಂಡ. ತನಗೆ ಬರುವ ನಾಲ್ಕು ಮಾತು ಜೋಡಿಸಿದ. "ನಾನು ತಿಂದೆ. ಬೆಳಿಗ್ಗೆ. ಸೂರ್ಯ ಇಲ್ಲ, ಆಗ. ಉಮ್ಮ್ ಝೈದಾನ್ ಕೊಟ್ಟಳು. ಈ ಮನೆ, ಈ ಚಾಪೆ. ಕುರಿ. ತುಂಬಾ!"

ಎಲ್ಲರೂ ನೋಫಾಳ ಕಡೆ ತಿರುಗಿದರು. ಝೈದಾನನ ತಾಯಿ ಕಾಫಿ ಕಲಕುತ್ತಿದ್ದಳು.

"ಗುಡಾರದಲ್ಲಿ," ಎಂದ ಸಬ್ಬಾಹ್ ಬೆರಳೆಣಿಸುತ್ತಾ, "ಕುರಿ. ದಾಟೋಕೆ ಮುಂಚೆ. ಲೋ! ನಿನ್ನ ಆಣೆ ಬೆಳಗಾಗೋ ಮುಂಚೆನೇ ತೀರಿದೆ! ತಲಾಖೂ ಇಲ್ಲ, ಎಂಥದೂ ಇಲ್ಲ!"

ಅತೀಖ್ ಒಂಟಿ ಚಪ್ಪಲಿಯಲ್ಲೇ ಕುಣಿದ. ಯೋಸ್ಟನ ಹಣೆಗೆ ಮುತ್ತಿಟ್ಟ, ಸಬ್ಬಾಹನ ಗಡ್ಡಕ್ಕೆ ಮುತ್ತಿಟ್ಟ, ಇನ್ನೇನು ಒಂಟೆಗೂ ಇಡುತ್ತಿದ್ದ. ಆಮೇಲೆ ತಟ್ಟನೆ ನಿಂತು ಹೆಂಡತಿಯ ಕಡೆ ತಿರುಗಿದ.

"ಗೊತ್ತಿದ್ದೂ ಯಾಕೇ ಹೇಳಲಿಲ್ಲ? ಬೆಳಗಿಂದ ನನ್ನ ಬೆನ್ನು ಮುರಿದುಹೋಯ್ತು!"

ನೋಫಾ ಉತ್ತರ ಕೊಡುವ ಮುಂಚೆ ಬಂಡೆಯ ತೂತಿನೊಳಗಿಂದ ಎರಡು ಒಂಟೆ ಹಿಡಿದುಕೊಂಡು ಒಬ್ಬ ಗಂಡಸು ಇಳಿದುಬಂದ. ಅವಳ ತಮ್ಮ ಸ್ವೇಲಿಂ.

"ಸಲಾಂ ಭಾವ. ಅಕ್ಕಾ, ಇಲ್ಲೇ ಯಾಕೆ ಗುಡಾರ ಹಾಕಿದೆ? ಬೆಳಿಗ್ಗೆ ಫೋನಲ್ಲಿ ಹೇಳಲಿಲ್ವಾ, ನಾವು ಬಂಡೆ ಆಚೆ ಇಳಿದಿದೀವಿ ಅಂತ? ಅರ್ಧ ತಾಸಿನ ದಾರಿ. ನಿನಗೆ ಜಾಗ ಗುಡಿಸಿ ಇಟ್ಟಿದೀನಿ."

ಅತೀಖ್ ತಮ್ಮನನ್ನು ನೋಡಿದ, ಅಕ್ಕನನ್ನು ನೋಡಿದ. ಆಮೇಲೆ ಗುಡಾರ ನೋಡಿದ, ಕಂಬಳಿ, ಹಿಟ್ಟಿನ ಚೀಲ, ಎರಡು ಆಡು, ಮಗ್ಗದ ಕೋಲು ನೋಡಿದ. ಬೆಳಗಿನಿಂದ ತಾನು ಸಂಸಾರ ಉಳಿಸಲು ಹೊತ್ತದ್ದು ಏನೆಂದು ಅವನಿಗೆ ಒಂದೊಂದಾಗಿ ಕಾಣಿಸಿತು. ಹೆಂಡತಿಯ ಮನೆಯನ್ನು ಅವಳ ತವರಿಗೆ ಬೆವರು ಸುರಿಸಿ ತಾನೇ ಸಾಗಿಸಿಕೊಟ್ಟಿದ್ದ.

"ಹೇಳಿದ್ರೆ ಹೊರ್ತಿದ್ಯಾ?" ಎಂದಳು ನೋಫಾ. ದನಿಯಲ್ಲಿ ಸಿಟ್ಟಿರಲಿಲ್ಲ.

"ಆದ್ರೆ... ತಲಾಖ್ ಆಗಿಲ್ವಲ್ಲೇ! ನೀನೇ ತಪ್ಪಿಸಿದೆ!"

"ತಪ್ಪಿಸಿದೆ. ಮೂವತ್ತು ವರ್ಷ ಬಾಳಿದವಳು ಒಂದು ತುಂಡು ಮಾಂಸಕ್ಕೆ ಬಿಡಿಸಿಕೊಂಡು ಬಂದಳು ಅಂತ ಯಾರೂ ಅನ್ನಬಾರದು. ಅದಕ್ಕೇ ಆ ಮೇಷ್ಟ್ರನ್ನ ಎಬ್ಬಿಸಿ ತಿನ್ನಿಸಿದೆ. ನೀನು ನನ್ನ ಬಿಟ್ಟಿಲ್ಲ ಅಬೂ ಝೈದಾನ್. ನಾನೇ ಹೋಗ್ತಿದೀನಿ, ನನ್ನ ಕಾಲಲ್ಲಿ."

ಅವಳು ಲೋಟಕ್ಕೆ ಕಾಫಿ ಬಗ್ಗಿಸಿ ಮೊದಲು ಅವನಿಗೇ ಕೊಟ್ಟಳು. ಅವನು ಕುಡಿಯುವ ತನಕ ಕಾದಳು. ಆಮೇಲೆ ಒಲೆಗೆ ಮರಳು ಸುರಿದಳು. ಗುಡಾರದ ನಡುಗಂಬ ತೆಗೆದಾಗ ಬಟ್ಟೆ ಎಲ್ಲರ ತಲೆಯ ಮೇಲೆ ಕುಸಿಯಿತು. ಯೋಸ್ಟ್ ಅದರ ಕೆಳಗಿಂದ ತೆವಳಿ ಬಂದು ಫೋಟೋ ತೆಗೆದ. ಸ್ವೇಲಿಂ ಭಾವನ ಮುಖ ನೋಡಲಾರದೆ ಒಂಟೆಯ ಹಗ್ಗವನ್ನೇ ಬಿಗಿದ, ಬಿಚ್ಚಿದ, ಮತ್ತೆ ಬಿಗಿದ. ಯಾರು ಹೋಗುತ್ತಾರೆ ಯಾರು ಉಳಿಯುತ್ತಾರೆ ಎಂದು ನ್ಯಾಯ ಹೇಳಲು ಬಾಯಿ ತೆರೆದ ಸಬ್ಬಾಹನಿಗೆ ಫಿದ್ದಾ ಒಂದು ಎಲುಬು ಕೊಟ್ಟು ಕೂರಿಸಿದಳು.

ನೋಫಾ ಇಳಿಜಾರು ಹತ್ತತೊಡಗಿದಾಗ ಅತೀಖನ ಎದೆಯಿಂದ ಹಳೆಯ ಮಾತು ತಾನಾಗಿ ಎದ್ದುಬಂತು. "ನೋಡು, ನೀನು ಹೋದ್ರೆ ನನ್ನ ಹೆಂಡತಿಗೆ..." ಎಂದವನು ಅಲ್ಲಿಗೇ ನಿಂತ. ಆಣೆ ಇಡಲು ಅವನಿಗೆ ಬೇರೆ ಹೆಂಡತಿ ಇರಲಿಲ್ಲ.

 ಇಳಿಜಾರಿನತ್ತ ಒಂದು ಹೆಜ್ಜೆ ಇಟ್ಟ.

"ನಿಲ್ಲು, ನೋಫಾ."

ಅವಳು ನಿಂತಳು. ತಿರುಗಲಿಲ್ಲ. ಬಂಡೆಯ ನೆರಳು ಅವಳ ಅರ್ಧ ಮೈ ಮೇಲಿತ್ತು.

"ಮೂವತ್ತು ವರ್ಷದಲ್ಲಿ ಇವತ್ತು ಬರೀ 'ನಿಲ್ಲು' ಅಂದೆ," ಎಂದಳು. "ಚೆನ್ನಾಗಿತ್ತು ಕಣೋ."

ಆಡುಗಳನ್ನು ಮುಂದಕ್ಕೆ ಹೊಡೆದಳು. ಒಂದು ಒಂಟೆ ತೂತಿನೊಳಗೆ ಹೋಯಿತು, ಇನ್ನೊಂದು ಹೋಯಿತು, ಕೊನೆಗೆ ಅವಳ ಕಪ್ಪು ಉಡುಪಿನ ಅಂಚು ಹೋಯಿತು.

ಸಬ್ಬಾಹನೂ ಫಿದ್ದಾಳೂ ತಟ್ಟೆ ಖಾಲಿ ಮಾಡಿ ತಮ್ಮ ಗುಡಾರಗಳ ದಾರಿ ಹಿಡಿದರು. ಯೋಸ್ಟ್ ಬಹಳ ಹೊತ್ತು ಅತೀಖನ ಪಕ್ಕದಲ್ಲಿ ಕೂತಿದ್ದು, ತನ್ನ ನೀರಿನ ಬಾಟಲಿಯನ್ನು ಅವನ ಬಳಿ ಇಟ್ಟು, ಬಂಡೆ ದಾಟಿ ನಡೆದ. ಗುಡಾರ ಹಾಕಿದ್ದ ಜಾಗದಲ್ಲಿ ಚೌಕಾಕಾರದ ಗುರುತೊಂದು ಉಳಿದಿತ್ತು. ಅತೀಖ್ ಅದರೊಳಗೆ, ಗಂಡಸರು ಕೂರುವ ಕಡೆಯಲ್ಲೇ, ಕಾಲು ಮಡಿಸಿ ಕೂತು ಬಂಡೆಯ ತೂತನ್ನೇ ನೋಡುತ್ತಿದ್ದ. ಅದರೊಳಗಿಂದ ಸಂಜೆಯ ಗಾಳಿ ಬಂತು, ಒಂದಿಷ್ಟು ಮರಳು ಬಂತು, ಎಲ್ಲೋ ದೂರದಲ್ಲಿ ಗೂಟ ಹೊಡೆಯುವ ಸದ್ದು ಬಂತು. ನೋಫಾ ಬರಲಿಲ್ಲ.